ಎಕ್ಸ್‌ಟ್ರಾಪೊಲೇಟ್ ಅಂದರೆ ಬರೀ ಊಹಿಸುವುದಾ?

ಇಂಗ್ಲಿಷಿನ ಎಕ್ಸ್‌ಟ್ರಾಪೊಲೇಟ್ ಅನ್ನೋ ಪದ ಬಂದ ಕಡೆಯಲ್ಲೆಲ್ಲ ‘ಊಹಿಸು’ ಅಂತ ಬರೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಕೈಯಲ್ಲಿ ಏನೂ ಇಲ್ಲದಿದ್ದರೂ ಊಹಿಸಬಹುದು. ಎಕ್ಸ್‌ಟ್ರಾಪೊಲೇಟ್ ಮಾಡಬೇಕಾದರೆ ಮೊದಲು ಅಂಕಿ ಬೇಕು, ಆಮೇಲೆ ಆ ಅಂಕಿ ಮುಗಿಯುವ ಜಾಗ ದಾಟಿ ಆಚೆಗೆ ಹೋಗಬೇಕು.

ನಾನು ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ, ನಮ್ಮೂರಿನ ಲೆಕ್ಕವನ್ನೇ ಬೋರ್ಡ್ ಮೇಲೆ ಬರೆಯುತ್ತೇನೆ. ಜನಗಣತಿ ಪ್ರಕಾರ 2001ರಲ್ಲಿ ನಗರದ ಜನ ಸುಮಾರು 3.64 ಲಕ್ಷ, 2011ರಲ್ಲಿ 4.35 ಲಕ್ಷ. 2006ರಲ್ಲಿ ಎಷ್ಟು ಅಂದರೆ ನಡುವಿನದ್ದು ತೆಗೆದು ಹತ್ತಿರ ಹತ್ತಿರ 4 ಲಕ್ಷ ಅಂತೀವಿ. ಅದು ಇಂಟರ್‌ಪೊಲೇಟ್, ಆಚೆ ಈಚೆ ಎರಡೂ ಕಡೆ ಅಂಕಿ ಇದೆ. 2021ರಲ್ಲಿ? ಆ ವರ್ಷ ಗಣತಿ ನಡೆಯಲೇ ಇಲ್ಲ. ಹಿಂದಿನ ಹತ್ತು ವರ್ಷದಲ್ಲಿ 71 ಸಾವಿರ ಏರಿತ್ತು, ಮತ್ತೆ ಅಷ್ಟೇ ಏರಿದೆ ಅಂದುಕೊಂಡರೆ 5.06 ಲಕ್ಷ ಬರುತ್ತೆ. ಇದೇ ಎಕ್ಸ್‌ಟ್ರಾಪೊಲೇಟ್. ಅಷ್ಟೇ ಜನ ಅಲ್ಲ, ಅದೇ ಶೇಕಡಾ ಲೆಕ್ಕದಲ್ಲಿ ಏರಿದೆ ಅಂದುಕೊಂಡರೆ 5.2 ಲಕ್ಷ. ಅಂಕಿ ಅವೇ ಎರಡು, ಆದರೂ ಉತ್ತರದಲ್ಲಿ 14 ಸಾವಿರ ಜನ ವ್ಯತ್ಯಾಸ!

ಯಾಕಂದರೆ ಹಿಂದೆ ನಡೆದ ಹಾಗೇ ಮುಂದೂ ನಡೆಯುತ್ತೆ ಅನ್ನೋ ನಂಬಿಕೆ ಈ ಪದದೊಳಗೇ ಇದೆ. ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು ಗೊತ್ತಲ್ವಾ, ನಮ್ಮ ಕಡೆ ಮಾರಿಕಣಿವೆ ಅಂತೀವಿ. 1933ರಲ್ಲಿ ತುಂಬಿ ಕೋಡಿ ಬಿದ್ದದ್ದು, ಆಮೇಲೆ 89 ವರ್ಷ ಬೀಳಲಿಲ್ಲ. 2021ರಲ್ಲಿ ಕೂತು ಆ ಅಂಕಿಗಳನ್ನೇ ಮುಂದಕ್ಕೆ ಎಳೆದಿದ್ದರೆ ಇನ್ನು ಕೋಡಿ ನೋಡುವ ಮಾತೇ ಇಲ್ಲ ಅಂತಿದ್ದೆವು. 2022ರಲ್ಲಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ಮಳೆ ಜೋರಾಗಿತ್ತು ನಿಜ, ಜೊತೆಗೆ ಭದ್ರಾ ನೀರೂ ಹರಿದು ಬರೋಕೆ ಶುರುವಾಗಿತ್ತು, ಹಳೇ ಅಂಕಿಗಳಲ್ಲಿ ಆ ನೀರು ಇರಲೇ ಇಲ್ಲ.

ಕನ್ನಡದಲ್ಲಿ ಬರೆಯುವಾಗ ನಾನು ‘ಇರುವ ಅಂಕಿಗಳನ್ನು ಮುಂದುವರಿಸಿ ಅಂದಾಜಿಸು’ ಅಂತ ಬಿಡಿಸಿ ಬರೆಯುತ್ತೇನೆ. ಸ್ವಲ್ಪ ಉದ್ದ, ಆದರೆ ಓದುವವರಿಗೆ ಯಾವುದು ಎಣಿಸಿದ್ದು, ಯಾವುದು ಎಳೆದದ್ದು ಅಂತ ಗೊತ್ತಾಗುತ್ತೆ. ಹಿಂದಕ್ಕೂ ಎಳೆಯಬಹುದು, 1991ಕ್ಕೆ ಎಷ್ಟಿತ್ತು ಅಂತ ಲೆಕ್ಕ ಹಾಕಿದರೆ ‘ಹಿಂದಕ್ಕೆ ಎಳೆದು’ ಅನ್ನಿ.

ಅಂಕಿಯೇ ಇಲ್ಲದ ಮಾತಿಗೂ ಈ ಪದ ಬಳಸುತ್ತಾರೆ. ಒಂದು ಅಗುಳು ಹಿಚುಕಿ ಅನ್ನ ಬೆಂದಿದೆ ಅಂತೀವಿ, ಅದು ಸರಿ, ಪಾತ್ರೆ ಒಂದೇ. ಅದೇ ಅಗುಳು ನೋಡಿ ಪಕ್ಕದ ಒಲೆಯ ಅನ್ನವೂ ಬೆಂದಿದೆ ಅಂದರೆ, ಅದು ಎಕ್ಸ್‌ಟ್ರಾಪೊಲೇಟ್ ಮಾಡಿದ್ದು.