ಹೆದರಿದ್ದು ಯಾರು, ಯಾವ ವರ್ಷ?

ನಮಸ್ಕಾರ,

ನೀವು ಕಳಿಸಿದ 'ಅತ್ತ ದರಿ, ಇತ್ತ ಪುಲಿ' ಲೇಖನ ಓದಿದೆ. ಎರಡು ಮಹಾಯುದ್ಧಗಳ ನಡುವೆ ಯುರೋಪಿನವರು ಫ್ಯಾಸಿಸಂ, ಕಮ್ಯುನಿಸಂ ಎರಡನ್ನೂ ಹೇಗೆ ಕಂಡರು ಅನ್ನೋದು ವಿಷಯ. ಒಳ್ಳೆ ವಿಷಯ, ಓದಿಕೊಂಡೇ ಬರೆದಿದ್ದೀರಿ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

"ಯುರೋಪು ಹೆದರಿತು" ಅಂತ ಪುಟಕ್ಕೊಮ್ಮೆ ಬರೆದಿದ್ದೀರಿ. ಯುರೋಪು ಅಂದರೆ ಯಾರು? ಮಿಲಾನಿನ ಕಾರ್ಖಾನೆ ಮಾಲೀಕನಾ, ಬರ್ಲಿನ್ನಿನಲ್ಲಿ ಕೆಲಸ ಕಳಕೊಂಡ ಕಾರ್ಮಿಕನಾ, ಲಂಡನ್ನಿನ ಮಂತ್ರಿಯಾ? ಇವರೆಲ್ಲ ಒಂದೇ ಥರ ಹೆದರಲಿಲ್ಲ, ಒಂದೇ ವರ್ಷ ಹೆದರಲೂ ಇಲ್ಲ. ನೀವು ಎರಡೂ ಅಪಾಯಗಳನ್ನು ತಕ್ಕಡಿಯಲ್ಲಿಟ್ಟು ಸಮ ತೂಗಿಸಿಬಿಟ್ಟಿದ್ದೀರಿ. ಆ ಕಾಲದ ಬಹಳ ಜನ ಒಂದಕ್ಕೆ ಹೆದರಿ ಇನ್ನೊಂದನ್ನು ಸಹಿಸಿಕೊಂಡವರು, ಕೆಲವರಂತೂ ಕೈಹಿಡಿದು ಮನೆಯೊಳಗೆ ಕರೆದವರು. ನಿಮ್ಮ ಲೇಖನದಲ್ಲಿ ಇವರೇ ಕಾಣುತ್ತಿಲ್ಲ.

ಇಟಲಿ ಭಾಗ ನೋಡಿ. 1920ರ ಸೆಪ್ಟೆಂಬರಿನಲ್ಲಿ ಕಾರ್ಮಿಕರು ಕಾರ್ಖಾನೆಗಳೊಳಗೆ ಕೂತದ್ದನ್ನು ಬರೆದು, ಮುಂದಿನ ಸಾಲಿನಲ್ಲೇ ಫ್ಯಾಸಿಸ್ಟರ ನಾಯಕ ಮುಸ್ಸೋಲಿನಿಯನ್ನು ರೋಮಿಗೆ ತಂದು ಕೂರಿಸಿದ್ದೀರಿ. ನಡುವೆ ಎರಡು ವರ್ಷ ಇದೆ ಮಾರಾಯರೇ! ಅವನು ಅಧಿಕಾರಕ್ಕೆ ಬಂದ 1922ರ ಅಕ್ಟೋಬರಿನ ಹೊತ್ತಿಗೆ ಅಲ್ಲಿ ಕ್ರಾಂತಿಯ ಬಿಸಿ ಇಳಿದಿತ್ತು, ಸಮಾಜವಾದಿಗಳು ಒಡೆದುಹೋಗಿದ್ದರು, ಫ್ಯಾಸಿಸ್ಟರ ಕರಿಯಂಗಿ ಗುಂಪುಗಳು ಕಾರ್ಮಿಕರ, ಕೃಷಿಕೂಲಿಗಳ ಸಂಘದ ಕಚೇರಿಗಳಿಗೆ ಬೆಂಕಿ ಹಚ್ಚುತ್ತಾ ಊರೂರು ಸುತ್ತಿದ್ದು ಹೆಚ್ಚಾಗಿ ಆ ಇಳಿತದ ದಿನಗಳಲ್ಲೇ. "ಕಮ್ಯುನಿಸ್ಟರನ್ನು ತಡೆಯಲು ಬೇರೆ ದಾರಿ ಇರಲಿಲ್ಲ" ಅನ್ನೋದು ಫ್ಯಾಸಿಸ್ಟರೇ ಹೇಳಿಕೊಂಡು ತಿರುಗಿದ ಮಾತು. ಅದು ಅವರ ಬಾಯಲ್ಲೇ ಇರಲಿ, ನಿಮ್ಮ ಬಾಯಿಗೆ ಯಾಕೆ?

ಇನ್ನು ಚರ್ಚಿಲ್. 1927ರ ಜನವರಿಯಲ್ಲಿ, ಬ್ರಿಟನ್ನಿನ ಹಣಕಾಸು ಮಂತ್ರಿಯಾಗಿದ್ದಾಗ, ರೋಮಿನಲ್ಲಿ ಪತ್ರಕರ್ತರೆದುರು ಆತ ಹೇಳಿದ್ದು: ತಾನು ಇಟಲಿಯವನಾಗಿದ್ದರೆ ಲೆನಿನ್‌ವಾದದ ವಿರುದ್ಧದ ಹೋರಾಟದಲ್ಲಿ ಪೂರ್ತಿ ಮುಸ್ಸೋಲಿನಿ ಕಡೆಗೇ ಇರುತ್ತಿದ್ದೆ ಅಂತ. ಮುಂದೆ ಹಿಟ್ಲರನ ವಿರುದ್ಧ ನಿಂತವನೂ ಇವನೇ. ಇಂಥದ್ದನ್ನು ಅಡಿಟಿಪ್ಪಣಿಗೆ ತಳ್ಳೋದಾ? ಮೊದಲ ಪ್ಯಾರಾಕ್ಕೇ ತನ್ನಿ. (ಬೈಯೋದೂ ಬೇಡ, ಹೊಗಳೋದೂ ಬೇಡ, ಆ ವರ್ಷ ಅವನ ಕಣ್ಣಿಗೆ ಏನು ಕಂಡಿತು ಅಂತ ತೋರಿಸಿದರೆ ಸಾಕು.)

ಜರ್ಮನಿಗೆ ಬಂದರೆ "ಎಡದವರು ಒಗ್ಗಟ್ಟಾಗಲಿಲ್ಲ" ಅಂತ ಒಂದೇ ವಾಕ್ಯ! ಇಲ್ಲಿ ನಿಂತು ಬರೆಯಬೇಕಿತ್ತು, ಅಲ್ವಾ? 1928ರ ನಂತರ ಮಾಸ್ಕೋದ ಕಮಿಂಟರ್ನ್ (ಕಮ್ಯುನಿಸ್ಟ್ ಪಕ್ಷಗಳ ಅಂತರರಾಷ್ಟ್ರೀಯ ಕೂಟ) ಕಣ್ಣಲ್ಲಿ, ಚುನಾವಣೆಯ ದಾರಿ ಹಿಡಿದ ಎಡಪಂಥೀಯರಾದ ಸೋಶಿಯಲ್ ಡೆಮಾಕ್ರಟರೇ 'ಸೋಶಿಯಲ್ ಫ್ಯಾಸಿಸ್ಟರು'. 1931ರ ಆಗಸ್ಟಿನಲ್ಲಿ ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಶ್ಯದ ಶಾಸನಸಭೆಯನ್ನು ವಿಸರ್ಜಿಸಬೇಕೇ ಅಂತ ಜನಮತ ಕೇಳಿದಾಗ, ಸೋಶಿಯಲ್ ಡೆಮಾಕ್ರಟರ ಸರ್ಕಾರ ಬೀಳಲಿ ಅಂತ ಕಮ್ಯುನಿಸ್ಟರು ನಾಜಿಗಳ ಜೊತೆಗೇ ನಿಂತರು. ಈ ಕಡೆ ಸೋಶಿಯಲ್ ಡೆಮಾಕ್ರಟರು 1932ರಲ್ಲಿ ಮೂರು ಬಾಣಗಳ ಪೋಸ್ಟರ್ ಅಂಟಿಸಿದರು: ಪಾಪೆನ್, ಹಿಟ್ಲರ್, ಥೇಲ್ಮನ್, ಮೂವರ ವಿರುದ್ಧವೂ. ಪಾಪೆನ್ ಅಂದರೆ ಆಗಿನ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ), ಥೇಲ್ಮನ್ ಅಂದರೆ ಕಮ್ಯುನಿಸ್ಟರ ನಾಯಕ. ಆ ನವೆಂಬರಿನ ಚುನಾವಣೆಯಲ್ಲಿ ನಾಜಿಗಳಿಗೆ ಬಂದದ್ದು ಶೇಕಡಾ 33, ಸೋಶಿಯಲ್ ಡೆಮಾಕ್ರಟರು, ಕಮ್ಯುನಿಸ್ಟರು ಇಬ್ಬರದ್ದೂ ಸೇರಿದರೆ 37. ಇಬ್ಬರೂ ಕೈಜೋಡಿಸಿದ್ದರೆ ಹಿಟ್ಲರ್ ಬರುತ್ತಲೇ ಇರಲಿಲ್ಲ ಅಂತ ಸುಲಭಕ್ಕೆ ಬರೆದುಬಿಡಬೇಡಿ, 37 ಅಂದರೆ ಬಹುಮತ ಅಲ್ಲ. ಆದರೆ ನಾಜಿಗಳು 34 ಸೀಟು ಕಳಕೊಂಡ, ಕಮ್ಯುನಿಸ್ಟರು 100 ಸೀಟಿಗೆ ಏರಿದ ಅದೇ ಚುನಾವಣೆಯ ಮೂರು ತಿಂಗಳೊಳಗೆ, 1933ರ ಜನವರಿ 30ಕ್ಕೆ, ಪಾಪೆನ್ ಥರದ ಸಂಪ್ರದಾಯವಾದಿಗಳೇ ಹಿಟ್ಲರನನ್ನು ಚಾನ್ಸಲರ್ ಕುರ್ಚಿಗೆ ಏರಿಸಿದ್ದು ಯಾಕೆ ಅನ್ನೋ ಪ್ರಶ್ನೆಯನ್ನಾದರೂ ಕೇಳಿ. ಫೆಬ್ರವರಿ 27ಕ್ಕೆ ಸಂಸತ್ತಿನ ಕಟ್ಟಡ ರೈಖ್‌ಸ್ಟಾಗ್ ಉರಿಯಿತು. ಮಾರನೇ ದಿನ ಕಮ್ಯುನಿಸ್ಟರ ಭಯದ ಹೆಸರಲ್ಲೇ ನಾಗರಿಕ ಹಕ್ಕುಗಳು ಹೋದವು. ಜೂನ್ ಹೊತ್ತಿಗೆ ಸೋಶಿಯಲ್ ಡೆಮಾಕ್ರಟರ ಪಕ್ಷಕ್ಕೂ ನಿಷೇಧ.

"ಭಾರತ ಇದರಿಂದ ದೂರವೇ ಇತ್ತು" ಅನ್ನೋ ಸಾಲು ಹೊಡೆದುಹಾಕಿ. 1929ರಲ್ಲಿ ಕಮ್ಯುನಿಸ್ಟರು, ಕಾರ್ಮಿಕ ನಾಯಕರ ಮೇಲೆ ಮೀರತ್ ಪಿತೂರಿ ಮೊಕದ್ದಮೆ ಹೂಡಿದ ಬ್ರಿಟಿಷ್ ಸರ್ಕಾರಕ್ಕೆ ಯಾವ ಭಯ ಇತ್ತು? ಮುಂದಿರುವುದು ಕಮ್ಯುನಿಸಂ ಇಲ್ಲವೇ ಫ್ಯಾಸಿಸಂ, ನಾನು ಮೊದಲನೆಯದರ ಕಡೆ ಅಂತ 1933ರಲ್ಲಿ ನೆಹರೂ ಹೇಳಿದರು. ಸುಭಾಷ್ ಬೋಸ್ ಅದನ್ನು ಒಪ್ಪದೆ, ಎರಡನ್ನೂ ಬೆರೆಸಿದ ಹೊಸದೊಂದು ಬರಬೇಕು ಅಂತ ಬರೆದರು. 1936ರಲ್ಲಿ ರೋಮಿನ ಮೂಲಕ ಊರಿಗೆ ಮರಳುವಾಗ ಮುಸ್ಸೋಲಿನಿಯನ್ನು ಭೇಟಿ ಮಾಡಲು ನೆಹರೂ ಒಪ್ಪಲಿಲ್ಲ. ಇದಕ್ಕೆ ಎರಡು ಪ್ಯಾರಾ ಕೊಡಿ, ಜಾಸ್ತಿ ಬೇಡ.

1939ರ ಆಗಸ್ಟಿನ ಹಿಟ್ಲರ್-ಸ್ಟಾಲಿನ್ ಒಪ್ಪಂದದ ಭಾಗ ಸರಿಯಾಗಿದೆ, ಮುಟ್ಟಬೇಡಿ. ಪೋಪ್ ಹನ್ನೊಂದನೇ ಪಯಸ್ ಬಗ್ಗೆ ಬರೆದದ್ದು ನನಗೆ ತುಂಬಾ ಹಿಡಿಸಿತು. ನಿಮ್ಮ ತಕ್ಕಡಿಗೆ ನಿಜವಾಗಿ ಹೊಂದುವ ಮನುಷ್ಯ ಅಂದರೆ ಅವರೇ: ಒಂದೇ ತಿಂಗಳಲ್ಲಿ, ಐದು ದಿನಗಳ ಅಂತರದಲ್ಲಿ, ನಾಜಿಗಳ ವಿರುದ್ಧ ಒಂದು ಪತ್ರ, ಕಮ್ಯುನಿಸಂ ವಿರುದ್ಧ ಇನ್ನೊಂದು. ಆದರೆ ಅದೇ ಪೋಪ್ 1929ರಲ್ಲಿ ಮುಸ್ಸೋಲಿನಿ ಜೊತೆ ಒಪ್ಪಂದ ಮಾಡಿಕೊಂಡದ್ದನ್ನೂ ಸೇರಿಸಿ. ಪತ್ರಗಳ ವರ್ಷ 1938 ಅಂತ ಹಾಕಿದ್ದೀರಿ, ಅದು 1937ರ ಮಾರ್ಚ್ 14 ಮತ್ತು 19.

ಇವತ್ತಿನ ರಾಜಕೀಯಕ್ಕೆ ಗಂಟು ಹಾಕಿದ ಕೊನೇ ಪ್ಯಾರಾ ಸುಮ್ನೆ ತೆಗೆದುಬಿಡಿ. 1,500 ಪದ ದಾಟದ ಹಾಗೆ ನೋಡಿಕೊಂಡು ಇನ್ನೊಮ್ಮೆ ಕಳಿಸಿ. ಅವಸರ ಏನಿಲ್ಲ.

ಸಂಪಾದಕ