ಎ ಡಿವಿಷನ್‌ಗೂ ಹೋಗ್ಬೇಕು, ಅಕಾಡೆಮಿ ಹುಡುಗ್ರೂ ಆಡ್ಬೇಕು: ನನ್ನ ಉತ್ತರ

ಸರ್, ನಿಮ್ಮ ಪ್ರಶ್ನೆ ಇಷ್ಟು ತಾನೆ: ನಿಮ್ಮ ಫುಟ್‌ಬಾಲ್ ಕ್ಲಬ್ ಬಿ ಡಿವಿಷನ್‌ನಲ್ಲಿದೆ, ಕಮಿಟಿಯವ್ರಿಗೆ ಈ ವರ್ಷನೇ ಪ್ರಮೋಷನ್ ಬೇಕು, ಅದಕ್ಕೆ ಹೊರಗಿಂದ ಏಳೆಂಟು ಜನನ ಕರೆಸೋಣ ಅಂತಾರೆ, ಈ ಕಡೆ ಅಂಡರ್ 17 ಟೀಮಲ್ಲಿ ಒಳ್ಳೊಳ್ಳೆ ಹುಡುಗ್ರಿದಾರೆ, ಅವ್ರ ಅಪ್ಪ ಅಮ್ಮ ಫೀಸ್ ಕಟ್ತಾ "ನಮ್ಮ ಹುಡುಗನ್ನ ಯಾವಾಗ ಆಡಿಸ್ತೀರ" ಅಂತಾರೆ. ಮೇಲೆ ಕಾಮೆಂಟಲ್ಲಿ ಅರ್ಧ ಜನ ಸ್ವಂತ ಅಕಾಡೆಮಿ ಹುಡುಗ್ರನ್ನ ಆಡಿಸೋ ಬಾರ್ಸಿಲೋನಾ ನೋಡಿ ಕಲೀರಿ ಅಂದ್ರು, ಇನ್ನರ್ಧ ಜನ ಮೊದ್ಲು ಗೆಲ್ಲಿ, ಹುಡುಗ್ರು ಆಮೇಲೆ ಅಂದ್ರು. ಬಾರ್ಸಿಲೋನಾ ವಿಷ್ಯ ಬಿಟ್ಟಾಕಿ, ನಮ್ಗೆ ಅದ್ರಿಂದ ಏನೂ ಗಿಟ್ಟಲ್ಲ. ಆದ್ರೆ ಆ "ಆಮೇಲೆ" ಅನ್ನೋದಿದ್ಯಲ್ಲ, ಅದು ಬರೋದೇ ಇಲ್ಲ. ಎ ಡಿವಿಷನ್‌ಗೆ ಹೋದ್ರೆ ಅಲ್ಲಿ ಉಳ್ಕೊಳ್ಳೋ ಚಿಂತೆ, ಉಳ್ಕೊಂಡ್ರೆ ಅದಕ್ಕೂ ಮೇಲಿನ ಸೂಪರ್ ಡಿವಿಷನ್ ಆಸೆ, ಅಷ್ಟೊತ್ತಿಗೆ ನಿಮ್ಮ 17ರ ಹುಡುಗ ಡಿಗ್ರಿ ಮುಗ್ಸಿ ಕೆಲ್ಸಕ್ಕೆ ಸೇರ್ಕೊಂಡಿರ್ತಾನೆ.

ನಾನು ಹೇಳೋದು ಒಂದೇ. ಹುಡುಗ್ರಿಗೆ ಚಾನ್ಸ್ ಸಿಗತ್ತೋ ಇಲ್ವೋ ಅನ್ನೋದು ಮ್ಯಾಚ್ ದಿನ ಕೋಚ್ ಕೈಯಲ್ಲಿರಲ್ಲ, ಸೀಸನ್‌ಗೆ ಮುಂಚೆ ನೀವು ಯಾರನ್ನ ಸೈನ್ ಮಾಡ್ದೆ ಬಿಡ್ತೀರ ಅನ್ನೋದ್ರಲ್ಲೇ ತೀರ್ಮಾನ ಆಗಿರತ್ತೆ. ರೈಟ್ ಬ್ಯಾಕ್ (ಬಲಗಡೆ ಡಿಫೆಂಡರ್) ಜಾಗಕ್ಕೆ ಆಗ್ಲೇ ಇಬ್ರು ಸೀನಿಯರ್ಸ್ ಇದ್ರೆ ಮೂರನೆಯವನಾಗಿ ಕೂತಿರೋ ಹುಡುಗನ್ನ ಯಾವ ಕೋಚೂ ಇಳಿಸಲ್ಲ, ಅವ್ನಿಗೂ ಕೆಲ್ಸ ಉಳೀಬೇಕಲ್ವ. ಅದೇ ಒಬ್ಬನೇ ಸೀನಿಯರ್ ಇದ್ದು ಅವ್ನಿಗೆ ಎಲ್ಲೋ ಕಾರ್ಡ್ ಬಿತ್ತು, ಕಾಲು ಉಳುಕ್ತು ಅಂದ್ರೆ ಹುಡುಗ ತಾನಾಗೇ ಒಳಗೆ ಬರ್ತಾನೆ.

ನೆದರ್‌ಲ್ಯಾಂಡ್ಸ್‌ನ ಅಯಾಕ್ಸ್ ಕ್ಲಬ್ ಕಥೆ ಇದಕ್ಕೆ ಸರಿಯಾಗಿ ಹೊಂದತ್ತೆ, ಯಾಕಂದ್ರೆ ಒಂದೇ ಕ್ಲಬ್ ಎರಡೂ ಥರ ಮಾಡಿ ತೋರ್ಸಿದೆ. 2018ರಲ್ಲಿ ಸಂಬಳದ ಲಿಮಿಟ್ ಸಡಿಲ ಮಾಡಿ ಸೌತಾಂಪ್ಟನ್‌ನಿಂದ ಟಾಡಿಚ್, ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಅವ್ರದೇ ಹಳೇ ಹುಡುಗ ಡೇಲಿ ಬ್ಲಿಂಡ್, ಈ ಇಬ್ರು ಅನುಭವಸ್ಥರನ್ನ ತಂದ್ರು, ಅವ್ರ ಸುತ್ತ ಡಿ ಲಿಖ್ಟ್, ಡಿ ಯಾಂಗ್, ಫಾನ್ ಡೆ ಬೇಕ್ ಥರದ ಎಳೆಯರು. 2019ರಲ್ಲಿ ಲೀಗು ಕಪ್ಪು ಎರಡೂ ಗೆದ್ರು, 19 ವರ್ಷದ ಡಿ ಲಿಖ್ಟ್ ಕ್ಯಾಪ್ಟನ್ ಆಗಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತನಕ ಹೋದ್ರು, ಟಾಟನ್‌ಹ್ಯಾಮ್‌ನ ಲೂಕಾಸ್ ಮೌರಾ ಕೊನೇ ಸೆಕೆಂಡಲ್ಲಿ ಗೋಲ್ ಹೊಡೀದೇ ಇದ್ದಿದ್ರೆ ಫೈನಲ್ಲೇ. ಆಮೇಲೆ ಡಿ ಲಿಖ್ಟ್, ಡಿ ಯಾಂಗ್ ತಲಾ ಸುಮಾರು 75 ಮಿಲಿಯನ್ ಯೂರೋಗೆ ಮಾರಾಟ ಆದ್ರು. ಇನ್ನು 2023ರ ಬೇಸಿಗೆ ನೋಡಿ, ಒಂದೇ ಟ್ರಾನ್ಸ್‌ಫರ್ ವಿಂಡೋದಲ್ಲಿ (ಆಟಗಾರರನ್ನ ಕೊಳ್ಳೋ ಅವಧಿ) ಹತ್ತಕ್ಕೂ ಹೆಚ್ಚು ಜನನ ಕೊಂಡ್ರು. ಅಕ್ಟೋಬರ್‌ನಲ್ಲಿ ಟೇಬಲ್‌ನ ತೀರಾ ಕೊನೇ ಸ್ಥಾನ, ಸೀಸನ್ ಮುಗಿಯೋ ಹೊತ್ತಿಗೆ ಹೆಂಗೋ 5ನೇ ಸ್ಥಾನ.

ನಮ್ಮ ಬೆಂಗಳೂರು ಎಫ್‌ಸಿ 2022-23ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಮೊದಲರ್ಧ ಪರದಾಡ್ತಿದ್ದಾಗ ಕೋಚ್ ಗ್ರೇಸನ್ ಏನ್ ಮಾಡಿದ್ರು? ಆಗ ಭಾರತ ತಂಡದ ಕ್ಯಾಪ್ಟನ್ ಆಗಿದ್ದ ಸುನಿಲ್ ಛೆಟ್ರಿನ ಬೆಂಚಲ್ಲಿ ಕೂರ್ಸಿ, ಎಳೆಯರ ಡೆವಲಪ್‌ಮೆಂಟ್ ಲೀಗ್ ಆಡಿ ಬಂದಿದ್ದ ಶಿವಶಕ್ತಿನ ಅನುಭವಿ ಸ್ಟ್ರೈಕರ್ ರಾಯ್ ಕೃಷ್ಣ ಜೊತೆ ಬಿಟ್ರು. ಛೆಟ್ರಿನ! ಲೀಗ್‌ನ ಕೊನೇಲಿ ಸತತ ಎಂಟು ಗೆಲುವು, ಗೋವಾದ ಫೈನಲ್ ಪೆನಾಲ್ಟಿಲಿ ಹೋಯ್ತು, ಶಿವಶಕ್ತಿಗೆ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತಿ. ಮುಂದಿನ ಸೀಸನ್ ರಾಯ್ ಕೃಷ್ಣ, ಸೀನಿಯರ್ ಡಿಫೆಂಡರ್ ಝಿಂಗನ್ ಇಬ್ರೂ ಹೊರಟ್ರು, ಟೀಮ್ 10ನೇ ಸ್ಥಾನಕ್ಕೆ ಬಿತ್ತು. ಅದೊಂದೇ ಕಾರಣ ಅನ್ನಲ್ಲ, ಆದ್ರೆ ಪಕ್ಕದಲ್ಲಿ ದೊಡ್ಡೋರಿಲ್ದೆ ಬರೀ ಹುಡುಗ್ರನ್ನ ಬಿಟ್ಟು ಅದನ್ನ ಯೂತ್ ಡೆವಲಪ್‌ಮೆಂಟ್ ಅಂತ ಕರೀಬೇಡಿ.

ಹಂಗಾಗಿ ಏಳೆಂಟು ಜನ ಬೇಡ, ಮೂರು ಜನ ಸಾಕು: ಗೋಲ್‌ಕೀಪರ್, ಸೆಂಟರ್ ಬ್ಯಾಕ್, ಒಬ್ಬ ಸ್ಟ್ರೈಕರ್. ಹಿಂದೆ ಮಧ್ಯದಲ್ಲಿ ಹುಡುಗ ತಪ್ಪು ಮಾಡಿದ್ರೆ ನೇರ ಗೋಲು, ಅವ್ನ ಧೈರ್ಯನೂ ಹೋಗತ್ತೆ ಪಾಯಿಂಟೂ ಹೋಗತ್ತೆ. ವಿಂಗ್, ಫುಲ್ ಬ್ಯಾಕ್ ಜಾಗದಲ್ಲಿ ಸುಧಾರ್ಸ್ಕೋಬಹುದು, ಅಲ್ಲಿ ಎರಡು ಜಾಗ ಹುಡುಗ್ರಿಗೇ ಅಂತ ಈಗ್ಲೇ ಕಮಿಟಿ ಮೀಟಿಂಗ್‌ನಲ್ಲಿ ಬರ್ಸಿಬಿಡಿ, ಎರಡು ಮ್ಯಾಚ್ ಸೋತ ತಕ್ಷಣ ಬದಲಾಯಿಸೋ ಹಂಗಿಲ್ಲ ಅಂತನೂ ಬರ್ಸಿ. ಮತ್ತೆ 3-0 ಸೋಲ್ತಿದ್ದಾಗ ಕೊನೇ ಹತ್ನಿಮಿಷ ಹುಡುಗನ್ನ ಇಳಿಸಿ ಚಾನ್ಸ್ ಕೊಟ್ವಿ ಅನ್ನೋ ನಾಟಕ ದಯವಿಟ್ಟು ಬೇಡ, ಮುಂದಿದ್ದಾಗ ಇಳಿಸಿ. ಯಾರ್ಯಾರು ಎಷ್ಟು ನಿಮಿಷ ಆಡಿದ್ರು ಅಂತ ಒಂದು ಶೀಟ್ ಇಡಿ, ಪೇರೆಂಟ್ಸ್ ಕೇಳಿದ್ರೆ ಅದನ್ನೇ ತೋರ್ಸಿ. ಹುಡುಗ್ರು ವಾರಕ್ಕೆರಡು ದಿನ ಸೀನಿಯರ್ಸ್ ಜೊತೆ ಪ್ರಾಕ್ಟೀಸ್ ಮಾಡ್ಲಿ. ಪಿಯು ಪರೀಕ್ಷೆ ಸಮಯಕ್ಕೆ ಅವ್ರು ಸಿಗಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

17ರಿಂದ 20ರ ನಡುವೆ ಇರೋರು ಸೀನಿಯರ್ ಟೀಮ್‌ಗೂ ಆಗಲ್ಲ, ಅಕಾಡೆಮಿಗೂ ದೊಡ್ಡೋರು, ನಮ್ಮ ಕಡೆ ಹುಡುಗ್ರು ಕಳೆದುಹೋಗೋದೇ ಇಲ್ಲಿ. ಅಯಾಕ್ಸ್‌ನ ಎಳೆಯರ ಟೀಮ್ 2013ರಿಂದ ಎರಡನೇ ಡಿವಿಷನ್‌ನಲ್ಲಿ ದೊಡ್ಡೋರ ವಿರುದ್ಧ ಲೀಗ್ ಆಡ್ತಿದೆ. ನಮ್ಗೆ ಅಷ್ಟೆಲ್ಲ ಆಗಲ್ಲ, ಸಿ ಡಿವಿಷನ್‌ನಲ್ಲಿ ಪರಿಚಯದ ಕ್ಲಬ್ ಇದ್ರೆ ಇಬ್ರು ಮೂವರನ್ನ ಒಂದು ಸೀಸನ್ ಕಳ್ಸಿ, ಬೆಂಚ್ ಬಿಸಿ ಮಾಡೋದಕ್ಕಿಂತ ವಾಸಿ.

ದುಡ್ಡಿನ ಮಾತು ಬರತ್ತೆ ಅಂತ ಗೊತ್ತು, ಬೆಳೆಸಿದ್ಮೇಲೆ ದೊಡ್ಡ ಕ್ಲಬ್‌ನವ್ರು ಎತ್ಕೊಂಡು ಹೋಗ್ತಾರೆ ಅಂತ. ಹೋಗ್ತಾರೆ. ಲಂಡನ್‌ನ ಬ್ರೆಂಟ್‌ಫರ್ಡ್ ಕ್ಲಬ್‌ನಿಂದ ಇಬ್ರು ಹುಡುಗ್ರು ಮ್ಯಾಂಚೆಸ್ಟರ್‌ನ ಎರಡು ದೊಡ್ಡ ಕ್ಲಬ್‌ಗೆ ಹೋದಾಗ ಸಿಕ್ಕಿದ್ದು ತಲಾ ಸುಮಾರು 30,000 ಪೌಂಡ್, ಬೇಜಾರಾಗಿ 2016ರಲ್ಲಿ ಅಕಾಡೆಮಿನೇ ಮುಚ್ಚಿ ಬಿ ಟೀಮ್ ಮಾಡ್ಕೊಂಡ್ರು, ಪ್ರೀಮಿಯರ್ ಲೀಗ್‌ಗೆ ಬಂದ್ಮೇಲೆ ಮತ್ತೆ ಅಕಾಡೆಮಿ ತೆರೆದ್ರು. ನೀವು ಮಾಡ್ಬೇಕಾಗಿರೋದು ಪೇಪರ್ ವರ್ಕ್. ಪ್ರತಿ ಹುಡುಗನ್ನೂ ಎಐಎಫ್ಎಫ್‌ನ (ಭಾರತದ ಫುಟ್‌ಬಾಲ್ ಫೆಡರೇಷನ್) ಸಿಆರ್‌ಎಸ್ ಅನ್ನೋ ಆನ್‌ಲೈನ್ ನೋಂದಣಿ ವ್ಯವಸ್ಥೆಯಲ್ಲಿ ನಿಮ್ಮ ಕ್ಲಬ್ ಹೆಸರಲ್ಲೇ ವರ್ಷ ವರ್ಷ ರಿಜಿಸ್ಟರ್ ಮಾಡ್ಸಿ. ಫಿಫಾ ನಿಯಮದ ಪ್ರಕಾರ ಒಬ್ಬ ಆಟಗಾರ ಮುಂದೆ ದೇಶ ದಾಟಿ ಮಾರಾಟ ಆದ್ರೆ, ಆ ದುಡ್ಡಲ್ಲಿ 5 ಪರ್ಸೆಂಟ್ 12ರಿಂದ 23ರ ವಯಸ್ಸಿನ ತನಕ ಅವನನ್ನ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆ ಆಗತ್ತೆ. ದಾಖಲೆ ಇಲ್ಲ ಅಂದ್ರೆ ನಿಮ್ಗೆ ಸೊನ್ನೆ.

ನಿಮ್ಮ ಸ್ಕ್ವಾಡ್ ಲಿಸ್ಟ್ ಪೊಸಿಷನ್, ವಯಸ್ಸು ಸಮೇತ ಇಲ್ಲೇ ಹಾಕಿ ಸರ್, ಯಾವ ಎರಡು ಜಾಗ ಖಾಲಿ ಬಿಡಬಹುದು ಅಂತ ನೋಡಿ ಹೇಳ್ತೀನಿ. ಹೆಸರು ಬೇಡ, ಅಂಡರ್ 17 ಹುಡುಗ್ರು ಇನ್ನೂ ಮೈನರ್ಸು.