ಟರ್ಬೊ ಕಾರಿನ ಗಾಳಿಯ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 2005ರ ಮಾದರಿಯ 1.8 ಲೀಟರ್ ಟರ್ಬೊ ಪೆಟ್ರೋಲ್ ಕಾರು. ಮೂಲ ಏರ್ ಫಿಲ್ಟರ್ ಪೆಟ್ಟಿಗೆ ತೆಗೆಸಿ ಕೋನ್ ಫಿಲ್ಟರ್ ಹಾಕಿಸಿದೆ. ಆಗ ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರನ್ನು 70 ಮಿ.ಮೀ. ಕೊಳವೆಯಿಂದ ತೆಗೆದು 76 ಮಿ.ಮೀ. ಕೊಳವೆಯಲ್ಲಿ ಕೂರಿಸಿದರು. ಗಾಳಿಯನ್ನು ಹೊರಗೆ ಬಿಟ್ಟು ಸದ್ದು ಮಾಡುವ ಬ್ಲೋ-ಆಫ್ ವಾಲ್ವ್ ಕೂಡ ಹಾಕಿಸಿದೆ. ಅಂದಿನಿಂದ ಗೇರ್ ಬದಲಿಸುವಾಗ ಕಪ್ಪು ಹೊಗೆ ಬರುತ್ತದೆ, ಸಿಗ್ನಲ್‌ಗೆ ಬಂದು ನಿಲ್ಲುವಾಗ ಎಂಜಿನ್ ಆಫ್ ಆಗುತ್ತದೆ, ಹೆದ್ದಾರಿಯಲ್ಲಿ ಪೂರ್ತಿ ಒತ್ತಿದರೆ ಕಟಕಟ ಸದ್ದು. ಹೊಸ ಸೆನ್ಸರ್ ಹಾಕಿಸಿದರೂ ಗುಣವಾಗಲಿಲ್ಲ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಕೆಟ್ಟಿದೆಯೇ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಹೇಳಿದ ಲಕ್ಷಣಗಳಲ್ಲಿ ಇಸಿಯು ಕೆಟ್ಟಿರುವ ಸುಳಿವು ಯಾವುದೂ ಇಲ್ಲ. ತನಗೆ ಬಂದ ತಪ್ಪು ಲೆಕ್ಕವನ್ನು ಅದು ಚಾಚೂ ತಪ್ಪದೆ ಪಾಲಿಸುತ್ತಿದೆ, ಅಷ್ಟೆ. ಹೊಗೆ ಮತ್ತು ಆಫ್ ಆಗುವುದು ವಾಲ್ವಿನಿಂದ, ಕಟಕಟ ಸದ್ದು ಕೊಳವೆಯಿಂದ.

ಮೊದಲು ಕೊಳವೆಯ ವಿಚಾರ, ಏಕೆಂದರೆ ಎಂಜಿನ್‌ಗೆ ಅಪಾಯ ಇರುವುದು ಅಲ್ಲಿಯೇ. ಎಂಎಎಫ್ ಸೆನ್ಸರಿನೊಳಗೆ ಕಾಯಿಸಿದ ಒಂದು ತೆಳುಪದರವಿರುತ್ತದೆ. ಹರಿಯುವ ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದರಿಂದ ಗಾಳಿಯ ತೂಕ, ಅಂದರೆ ಸೆಕೆಂಡಿಗೆ ಎಷ್ಟು ಗ್ರಾಂ ಎಂಬುದು ತಿಳಿಯುತ್ತದೆ. ಆದರೆ ಆ ಪದರ ಕಾಣುವುದು ತನ್ನ ಪುಟ್ಟ ಕಿಂಡಿಯಲ್ಲಿ ಹಾದುಹೋಗುವ ಗಾಳಿಯನ್ನು ಮಾತ್ರ. ಇಡೀ ಕೊಳವೆಯಲ್ಲಿ ಎಷ್ಟು ಹರಿಯಿತು ಎಂಬುದನ್ನು ಇಸಿಯು ತನ್ನೊಳಗಿನ ಕೋಷ್ಟಕದಿಂದ ತಿಳಿಯುತ್ತದೆ, ಮತ್ತು ನಿಮ್ಮ ಕಾರಿನ ಕೋಷ್ಟಕ ಸಿದ್ಧವಾದದ್ದು 70 ಮಿ.ಮೀ. ಕೊಳವೆಗೆ. 76 ಮಿ.ಮೀ. ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 18 ಶೇಕಡಾ ಹೆಚ್ಚು. ಹಾಗಾಗಿ ಅಷ್ಟೇ ಗಾಳಿ ನಿಧಾನವಾಗಿ ಹರಿದು, ನಿಜವಾಗಿ 100 ಗ್ರಾಂ ಹೋದಾಗ ಸೆನ್ಸರ್ ಸುಮಾರು 85 ಎಂದು ವರದಿ ಮಾಡುತ್ತದೆ, ಇಸಿಯು ಇಂಧನವನ್ನೂ ಅಷ್ಟಕ್ಕೇ ಹಾಕುತ್ತದೆ.

ಸಾಮಾನ್ಯ ವೇಗದಲ್ಲಿ ಎಕ್ಸಾಸ್ಟಿನಲ್ಲಿರುವ ಆಕ್ಸಿಜನ್ ಸೆನ್ಸರ್ ಈ ಕೊರತೆಯನ್ನು ಕಂಡು ತಿಳಿಸಿ, ಇಸಿಯು ಇಂಧನವನ್ನು ಹೆಚ್ಚಿಸುವುದರಿಂದ ಓಡಿಸುವವರಿಗೆ ಏನೂ ತಿಳಿಯುವುದಿಲ್ಲ. ಪೂರ್ತಿ ಒತ್ತಿದಾಗ ಆ ಕ್ಷಣಕ್ಷಣದ ತಿದ್ದುಪಡಿ ನಡೆಯುವುದಿಲ್ಲ. ಹಿಂದೆ ಕಲಿತ ತಿದ್ದುಪಡಿ ಅಲ್ಲಿ ಸಾಕಾಗದಿದ್ದರೆ, 12ಕ್ಕೆ 1 ಇರಬೇಕಾದ ಗಾಳಿ-ಇಂಧನ ಮಿಶ್ರಣ 14ಕ್ಕೆ 1ರತ್ತ ಜಾರುತ್ತದೆ. ಸಾಲದ್ದಕ್ಕೆ, ಎಂಜಿನ್ ಮೇಲಿನ ಹೊರೆ ಕಡಿಮೆಯಿದೆ ಎಂದು ನಂಬಿದ ಇಸಿಯು ಕಿಡಿಯನ್ನೂ ಬೇಗ ಹಾರಿಸುತ್ತದೆ. ಇವೆರಡರಿಂದ ಸಿಲಿಂಡರಿನಲ್ಲಿ ಮಿಶ್ರಣ ಹತೋಟಿ ತಪ್ಪಿ ಸಿಡಿಯುತ್ತದೆ, ನಿಮಗೆ ಕೇಳಿಸಿದ ಕಟಕಟ ಸದ್ದು ಇದೇ. ಪಿಸ್ಟನ್ನುಗಳು ಒಡೆಯುವುದು ಹೀಗೆ. ಆದ್ದರಿಂದ ದುರಸ್ತಿಯಾಗುವವರೆಗೆ ದಯವಿಟ್ಟು ಪೂರ್ತಿ ಒತ್ತಬೇಡಿ.

ವಾಲ್ವಿನ ಕತೆ ಇದಕ್ಕೆ ಉಲ್ಟಾ. ಆಕ್ಸಿಲರೇಟರ್ ಬಿಟ್ಟಾಗ, ಗಾಳಿಯನ್ನು ಒತ್ತಿ ಕಳಿಸುವ ಟರ್ಬೊ ಮತ್ತು ಎಂಜಿನ್‌ಗೆ ಗಾಳಿ ಬಿಡುವ ಕವಾಟವಾದ ಥ್ರಾಟಲ್ ನಡುವೆ ಸಿಕ್ಕಿಕೊಳ್ಳುವ ಗಾಳಿಯನ್ನು ಮೂಲ ವಾಲ್ವ್ ಎಂಎಎಫ್ ಸೆನ್ಸರಿನ ನಂತರದ ಕೊಳವೆಗೇ ಮರಳಿಸುತ್ತದೆ. ನಿಮ್ಮ ಹೊಸ ವಾಲ್ವ್ ಅದನ್ನು ಹೊರಗೆ ಚೆಲ್ಲುತ್ತದೆ. ಲೆಕ್ಕಕ್ಕೆ ಬಂದು ಎಂಜಿನ್‌ಗೆ ಬಾರದ ಆ ಗಾಳಿಗೂ ಇಸಿಯು ಪೆಟ್ರೋಲ್ ಸುರಿಯುತ್ತದೆ. ಹೊಗೆ ಕಪ್ಪಾಗುತ್ತದೆ, ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಸದ್ದಿನ ಮೋಹ ಅರ್ಥವಾಗುವಂಥದ್ದೇ, ಆದರೆ ಅದರ ಬೆಲೆಯನ್ನು ಕೊನೆಗೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆರುತ್ತದೆ.

ಹಳೆಯ ವಾಲ್ವ್ ಇದ್ದರೆ ಅದನ್ನೇ ಹಾಕಿಸಿ. ಸೆನ್ಸರನ್ನು 70 ಮಿ.ಮೀ. ಕೊಳವೆಗೆ ಮರಳಿಸಿ, ಅದಕ್ಕೆ ಗಾಳಿ ಬರುವ ಬದಿಯಲ್ಲಿ ಒಂದಷ್ಟು ನೇರ ಕೊಳವೆ ಇರಲಿ. ತಿರುವಿನ ಬೆನ್ನಿಗೇ ಸೆನ್ಸರ್ ಇದ್ದರೆ ಸುಳಿಗಾಳಿಯಿಂದ ಅಳತೆ ಅಲುಗುತ್ತದೆ. ಎಣ್ಣೆ ಹಚ್ಚುವ ಫಿಲ್ಟರ್ ಆಗಿದ್ದರೆ ಎಣ್ಣೆ ಅತಿಯಾಗದಂತೆ ನೋಡಿಕೊಳ್ಳಿ. ಬಳಿಕ ಸ್ಕ್ಯಾನರ್ ಹಾಕಿಸಿ: ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಈ ಗಾತ್ರದ ಕಾರಿನಲ್ಲಿ ಸೆಕೆಂಡಿಗೆ ಸುಮಾರು 2ರಿಂದ 4 ಗ್ರಾಂ ಗಾಳಿ ಕಾಣಬೇಕು, ಇಂಧನ ತಿದ್ದುಪಡಿ ಸೊನ್ನೆಯ ಆಸುಪಾಸಿನಲ್ಲಿರಬೇಕು (ಎಥೆನಾಲ್ ಬೆರೆತ ಪೆಟ್ರೋಲ್ ಆದರೆ ಹೆಚ್ಚಿರಬಹುದು, ಕೊನೆಯ ಉತ್ತರ ನೋಡಿ). ದೊಡ್ಡ ಕೊಳವೆಯೇ ಬೇಕೆಂದರೆ ಗಾಳಿ-ಇಂಧನ ಅನುಪಾತವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟುಕೊಂಡು ಎಂಎಎಫ್ ಕೋಷ್ಟಕವನ್ನು ಹೊಸದಾಗಿ ಬರೆಯಬಲ್ಲವರ ಬಳಿ ಮಾತ್ರ ಹೋಗಿ.

ಪ್ರಶ್ನೆ: ಎಂಎಎಫ್ ತೆಗೆದು, ಒತ್ತಡ ಅಳೆಯುವ ಎಂಎಪಿ ಸೆನ್ಸರಿನಿಂದಲೇ ಟ್ಯೂನ್ ಮಾಡಿಸಿದರೆ ಒಳ್ಳೆಯದೆಂದು ಸ್ನೇಹಿತರು ಹೇಳುತ್ತಾರೆ. ನಾನು ಮಂಗಳೂರಿನಿಂದ ಮಡಿಕೇರಿಗೆ ಆಗಾಗ ಹೋಗುತ್ತೇನೆ, ಎತ್ತರದಿಂದ ತೊಂದರೆಯಾಗುತ್ತದೆಯೇ?
- ಓದುಗರೊಬ್ಬರು, ಮಂಗಳೂರು

ಉತ್ತರ: ಎಂಎಪಿ ಪದ್ಧತಿಯಲ್ಲಿ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಾದ ಮ್ಯಾನಿಫೋಲ್ಡಿನ ಒತ್ತಡ, ಗಾಳಿಯ ಉಷ್ಣತೆ ಮತ್ತು ಸಿಲಿಂಡರ್ ಎಷ್ಟು ತುಂಬಿಕೊಳ್ಳುತ್ತದೆ ಎಂಬ ಕೋಷ್ಟಕ, ಈ ಮೂರರಿಂದ ಲೆಕ್ಕ ಹಾಕುತ್ತಾರೆ. ಒತ್ತಡ ಅಷ್ಟೇ ಇದ್ದರೂ 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಏರಿದರೆ ತೂಕ ಸುಮಾರು 9 ಶೇಕಡಾ ಇಳಿಯುತ್ತದೆ. ಹಾಗಾಗಿ ಉಷ್ಣತೆಯ ಸೆನ್ಸರ್ ಎಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಟ್ರಾಫಿಕ್ಕಿನಲ್ಲಿ ನಿಂತು ಸೆನ್ಸರಿನ ಮೈಯೇ ಕಾದರೆ, ಗಾಳಿ ತಣ್ಣಗಿದ್ದರೂ ಬಿಸಿಯೆಂದು ಹೇಳಿ ಮಿಶ್ರಣದಲ್ಲಿ ಇಂಧನ ಕಡಿಮೆಯಾಗುವಂತೆ ಮಾಡುತ್ತದೆ. ಕ್ಯಾಮ್ (ಎಂಜಿನ್ ಕವಾಟಗಳನ್ನು ತೆರೆಯುವ ದಂಡ) ಅಥವಾ ಎಕ್ಸಾಸ್ಟ್ ಬದಲಿಸಿದರೆ ಕೋಷ್ಟಕವನ್ನು ಮತ್ತೆ ತಿದ್ದಬೇಕು. ಇನ್ನೊಂದೆಡೆ, ಗಾಳಿ ಹೊರಬಿಡುವ ವಾಲ್ವ್ ಈ ಪದ್ಧತಿಗೆ ತೊಡಕಲ್ಲ. ಮೂಲ ಟರ್ಬೊ ಇರುವ, ದಿನಬಳಕೆಯ ಕಾರಿಗೆ ಎಂಎಎಫ್ ಬಿಡಬಾರದೆಂಬುದು ನನ್ನ ಅಭಿಪ್ರಾಯ.

ಎತ್ತರದಿಂದ ಎರಡೂ ಪದ್ಧತಿಗಳ ಅಳತೆ ಕೆಡುವುದಿಲ್ಲ. ಬಳಲುವುದು ಟರ್ಬೊ. ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೊಪಾಸ್ಕಲ್ ಇರುವ ವಾಯುಒತ್ತಡ ಮಡಿಕೇರಿಯಲ್ಲಿ ಸುಮಾರು 88ಕ್ಕೆ ಇಳಿಯುತ್ತದೆ. ಮ್ಯಾನಿಫೋಲ್ಡಿನಲ್ಲಿ 180 ಕಿಲೊಪಾಸ್ಕಲ್ ಬೇಕೆಂದು ಇಸಿಯು ಕೇಳಿದರೆ, ಕೆಳಗೆ ಗಾಳಿಯನ್ನು 1.8 ಪಟ್ಟು ಒತ್ತಿದರೆ ಸಾಕಿದ್ದ ಟರ್ಬೊ ಮೇಲೆ ಎರಡು ಪಟ್ಟು ಒತ್ತಬೇಕಾಗುತ್ತದೆ, ಗಾಳಿ ಇನ್ನಷ್ಟು ಕಾಯುತ್ತದೆ. ಘಾಟಿಗೆ ಹೊರಡುವ ಮುನ್ನ, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಪೈಪಿನ ಕ್ಲಿಪ್ಪುಗಳು ಬಿಗಿಯಾಗಿವೆಯೇ ನೋಡಿ.

ಪ್ರಶ್ನೆ: ಎಂಎಎಫ್ ಸೆನ್ಸರ್ ಶುಚಿ ಮಾಡಿಸಿದರೂ ಸ್ಕ್ಯಾನರಿನಲ್ಲಿ ಇಂಧನ ತಿದ್ದುಪಡಿ ಸದಾ 8 ಶೇಕಡಾ ಹೆಚ್ಚು ತೋರಿಸುತ್ತದೆ. ಕಾರು ಹಳೆಯದು, ಓಟದಲ್ಲಿ ದೋಷವಿಲ್ಲ.
- ಓದುಗರೊಬ್ಬರು, ಬೆಂಗಳೂರು

ಉತ್ತರ: ಸೆನ್ಸರನ್ನು ದೂರುವ ಮುನ್ನ ಟ್ಯಾಂಕಿನಲ್ಲಿರುವುದು ಏನೆಂದು ಯೋಚಿಸಿ. ಎಥೆನಾಲ್ ಇಲ್ಲದ ಪೆಟ್ರೋಲ್‌ಗೆ ಸರಿಯಾದ ಅನುಪಾತ 14.7; 20 ಶೇಕಡಾ ಎಥೆನಾಲ್ ಬೆರೆತದ್ದಕ್ಕೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ 8ರಿಂದ 9 ಶೇಕಡಾ ಹೆಚ್ಚು ಇಂಧನ ಬೇಕು, ನಿಮ್ಮ ಇಸಿಯು ಅದನ್ನೇ ಕೊಡುತ್ತಿದೆ. ಐಡ್ಲಿಂಗ್‌ನಲ್ಲೂ ವೇಗದಲ್ಲೂ ತಿದ್ದುಪಡಿ ಒಂದೇ ಸಮನಾಗಿದ್ದರೆ ಕಾರಣ ಬಹುತೇಕ ಇಂಧನವೇ. ಐಡ್ಲಿಂಗ್‌ನಲ್ಲಿ ಮಾತ್ರ ಏರಿ ವೇಗದಲ್ಲಿ ಇಳಿದರೆ ಥ್ರಾಟಲ್‌ನ ನಂತರ ಎಲ್ಲೋ ಗಾಳಿ ಸೋರಿ ಒಳಬರುತ್ತಿದೆ, ಕೊಳವೆಗಳಿಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಪರೀಕ್ಷೆ ಮಾಡಿಸಿ.